ಕಷಾಯ ಯಾರ ಸಮಾಧಾನಕ್ಕೆ?

ವರ್ಗಾವಣೆಯಾಗಿ ನಾನು ಮುಂಬಯಿಗೆ ಬಂದದ್ದು 1988ರಲ್ಲಿ. ಡೊಂಬಿವಲಿಯಲ್ಲಿ ಒಂದು ಕೋಣೆ, ಒಂದು ಅಡುಗೆಮನೆ. ಸಾಗರದಿಂದ ಯಾರಾದರೂ ಬಂದರೆ ಅಮ್ಮ ಅವರ ಕೈಯಲ್ಲಿ ಕಷಾಯದ ಪುಡಿ ಕಳಿಸುತ್ತಿದ್ದಳು: ಕೊತ್ತಂಬರಿ, ಜೀರಿಗೆ, ಮೆಂತ್ಯ, ಒಣಶುಂಠಿ, ಜೇಷ್ಠಮಧು. ಅದು ಮುಖ್ಯವಾಗಿ ನನ್ನ ಹೆಂಡತಿಗೆ.

ಮುಟ್ಟಿಗೆ ಮುಂಚಿನ ಐದಾರು ದಿನ ಅವಳಿಗೆ ಕಷ್ಟ. ತಲೆನೋವು, ಹೊಟ್ಟೆ ಉಬ್ಬರ, ಸಣ್ಣ ಮಾತಿಗೂ ಸಿಟ್ಟು, ಇಲ್ಲವೇ ಅಳು. ಮುಟ್ಟಾದ ಒಂದೆರಡು ದಿನಕ್ಕೆ ಎಲ್ಲ ಇಳಿಯುತ್ತಿತ್ತು. ಊರಲ್ಲಾದರೆ ಹೇಳಿಕೊಳ್ಳಲು ಅಕ್ಕಪಕ್ಕ ಹೆಂಗಸರಿದ್ದರು. ಇಲ್ಲಿ ನಾನೊಬ್ಬನೇ, ಅದೂ ರಾತ್ರಿ ಎಂಟಕ್ಕೆ ಲೋಕಲ್ ಇಳಿದು ಬರುವವ. ಅವಳು ದನಿ ಏರಿಸಿದ ಕೂಡಲೇ ಕಷಾಯ ಕುದಿಸಿ ಕೈಗೆ ಕೊಡುತ್ತಿದ್ದೆ. ಎಂಥ ಒಳ್ಳೇ ಗಂಡ ನಾನು ಅಂತ ನನಗೇ ಹೆಮ್ಮೆ!

ಒಂದು ಸೆಪ್ಟೆಂಬರಿನಲ್ಲಿ ಅವಳು ಲೋಟ ಮುಟ್ಟಲಿಲ್ಲ. "ಇದನ್ನ ಕೊಡೋದು ನಂಗೆ ಹುಷಾರಾಗ್ಲಿ ಅಂತಲೋ, ನಾನು ಸುಮ್ನಾಗ್ಲಿ ಅಂತಲೋ?" ಎಂದಳು.

ಊರಲ್ಲಿ ಅವಳ ಅಪ್ಪನಿಗೆ ಕಾಯಿಲೆ. ಹೋಗಬೇಕು ಅಂತ ಎರಡು ತಿಂಗಳಿಂದ ಹೇಳುತ್ತಿದ್ದಳು. ಬ್ಯಾಂಕಿನ ಅರ್ಧವಾರ್ಷಿಕ ಲೆಕ್ಕ ಮುಗಿಯಲಿ ಅಂತ ನಾನು ಮುಂದೂಡುತ್ತಿದ್ದೆ. ಅವಳ ಸಿಟ್ಟು ಜೋರಾದದ್ದು ಆ ದಿನಗಳಿಂದ ಇರಬಹುದು. ಸಿಟ್ಟಿಗೆ ಕಾರಣ ಆ ದಿನಗಳಲ್ಲ. ಕಾರಣಕ್ಕೆ ಉತ್ತರ ಕೊಡುವ ಬದಲು ನಾನು ಲೋಟ ಕೊಟ್ಟಿದ್ದೆ. ನಾವು ಹೋದದ್ದು ಅಕ್ಟೋಬರಿನಲ್ಲಿ. ಅಷ್ಟರಲ್ಲಿ ಮಾವನವರ ಮಾತು ನಿಂತಿತ್ತು.

ಹಾಗಾದರೆ ಮನೆಮದ್ದು ಕೊಡುವುದೇ ತಪ್ಪೆ? ದಾಖಲೆ ನೋಡದೆ ಸಾಲ ಕೊಡದ ಮನುಷ್ಯ ನಾನು. ಆಮೇಲೆ ಈ ಬಗ್ಗೆ ಓದಿಕೊಂಡೆ. ಜರ್ಮನಿಯಲ್ಲಿ 170 ಹೆಂಗಸರ ಮೇಲೆ ಮೂರು ಋತುಚಕ್ರಗಳ ಕಾಲ ನಡೆದ ಪರೀಕ್ಷೆಯೊಂದು 2001ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಗಿದೆ. ನಮ್ಮ ಲಕ್ಕಿಗಿಡದ ದಾಯಾದಿಯಾದ ಒಂದು ಗಿಡದ ಹಣ್ಣಿನ ಸಾರ ತೆಗೆದುಕೊಂಡವರಲ್ಲಿ ನೂರಕ್ಕೆ 52 ಮಂದಿಗೆ ತೊಂದರೆ ಅರ್ಧಕ್ಕರ್ಧ ಇಳಿಯಿತು. ಮದ್ದೇ ಇಲ್ಲದ ಹುಸಿ ಗುಳಿಗೆ ನುಂಗಿದವರಲ್ಲೂ 24 ಮಂದಿಗೆ ಅಷ್ಟೇ ಇಳಿಯಿತು. ಆ ಗಿಡದ ಗುಣವನ್ನು ನಮ್ಮ ಲಕ್ಕಿಯ ಖಾತೆಗೆ ಜಮಾ ಮಾಡುವಂತಿಲ್ಲ. ಅಮ್ಮನ ಪುಡಿಗಂತೂ ಅಂಥ ದಾಖಲೆಯೇ ಇಲ್ಲ. ಆದರೆ ಆ 24ನ್ನು ನಾನು ಮರೆಯಲಾರೆ. ಅದರಲ್ಲಿ ತಾನಾಗಿ ಇಳಿದದ್ದೂ ಇರಬಹುದು, ನಂಬಿಕೆಯೂ ಇರಬಹುದು, ವಿಚಾರಿಸುವವರು ಇದ್ದಾರೆ ಎಂಬ ಧೈರ್ಯವೂ ಇರಬಹುದು.

ಅಂದರೆ ಕಷಾಯ ಕೊಟ್ಟದ್ದು ತಪ್ಪಲ್ಲ. ಕೊಟ್ಟ ಮೇಲೆ ನನ್ನ ಕರ್ತವ್ಯ ಮುಗಿಯಿತು ಅಂದುಕೊಂಡದ್ದು ತಪ್ಪು. ವಿಚಾರಿಸದೆ ಕೊಟ್ಟ ಮದ್ದು ಕೊಟ್ಟವನಿಗೇ ಹೆಚ್ಚು ಸಮಾಧಾನ ಕೊಡುತ್ತದೆ.

ಹೆಂಡತಿಗೆ ಈಗ ಆ ಕಷ್ಟವಿಲ್ಲ. ಮಗಳು ಪುಣೆಯಲ್ಲಿದ್ದಾಳೆ. ಫೋನಿನಲ್ಲಿ ಅವಳ ದನಿ ಕುಗ್ಗಿದರೆ "ಕಷಾಯ ಕುಡಿದ್ಯಾ?" ಅನ್ನೋದು ಈಗಲೂ ನಾಲಿಗೆಯ ತುದಿಗೆ ಬರುತ್ತೆ. ತಡೆದುಕೊಂಡು, "ಏನಾಯ್ತು, ಹೇಳು" ಅಂತ ಮೊದಲು ಕೇಳ್ತೇನೆ.