ಬಿಟ್ಟು ಬಂದ ಗಾಳ

ತುಮಕೂರಿನ ಅಂತರಸನಹಳ್ಳಿ ಮಾರುಕಟ್ಟೆಗೆ ತರಕಾರಿಗೆಂದು ಹೋದ ದಿನ, ವಾಪಸ್ ಬರುವಾಗ ರಸ್ತೆ ಬದಿಯ ಮೀನಿನ ಗಾಡಿಯ ಹತ್ತಿರ ನಿಲ್ಲುವುದು ನನ್ನ ರೂಢಿ. ಒಂದು ಭಾನುವಾರ ಗಾಡಿಯವರು ಥರ್ಮಾಕೋಲ್ ಪೆಟ್ಟಿಗೆಯ ಐಸ್ ಸರಿಸಿ ಒಂದು ಅಂಜಲ್ ಎತ್ತಿ ಹಲಗೆಯ ಮೇಲಿಟ್ಟರು. ಅದರ ದವಡೆಯ ಮೂಲೆಯಲ್ಲಿ ಕಿರುಬೆರಳುದ್ದದ ಉಕ್ಕಿನ ಗಾಳ ಇನ್ನೂ ಸಿಕ್ಕಿಕೊಂಡಿತ್ತು, ಜೊತೆಗೆ ಒಂದು ಗೇಣು ನೈಲಾನ್ ದಾರ. "ಗಾಳದ ಮೀನು ಸಾ, ಬಲೇದಲ್ಲ. ಇದಕ್ಕೆ ರೇಟು ಜಾಸ್ತಿ" ಎಂದರು. ಕತ್ತಿಯ ತುದಿಯಿಂದ ಕಿತ್ತು, "ಹುಷಾರು, ಚುಚ್ಚತ್ತೆ" ಎನ್ನುತ್ತ ನನ್ನ ಅಂಗೈಗೇ ಹಾಕಿದರು.

ಮನೆಗೆ ತಂದು ತೊಳೆದು ನೋಡಿದೆ. ಮೊನೆಯ ಒಳಮಗ್ಗುಲಲ್ಲಿ ಹಿಂದಕ್ಕೆ ತಿರುಗಿದ ಸಣ್ಣದೊಂದು ಮುಳ್ಳು. ಚುಚ್ಚಿಕೊಳ್ಳುವಾಗ ಅದು ಅಡ್ಡ ಬರುವುದಿಲ್ಲ, ಬಿಡಿಸಿಕೊಳ್ಳುವಾಗ ಬಿಡುವುದಿಲ್ಲ. ಗಾಳಕ್ಕೆ ಗೊತ್ತಿರುವುದು ಅಷ್ಟೇ. ಯಾರ ಬಾಯಿ ಎಂದು ಅದು ಕೇಳುವುದಿಲ್ಲ.

ನನಗೆ ಹತ್ತು ವರ್ಷವಿದ್ದಾಗ, ಗುಬ್ಬಿ ಕಡೆಯ ನಮ್ಮೂರ ಕೆರೆಯಲ್ಲಿ ಎರಡು ಬಗೆಯಲ್ಲಿ ಗಾಳ ಹಾಕುತ್ತಿದ್ದೆವು. ಹಗಲಿನದು ಬಿದಿರುಕಡ್ಡಿ, ದಾರ, ಬೆಂಡು, ಎರೆಹುಳು. ಬೆಂಡು ಮುಳುಗುವ ತನಕ ಏರಿಯ ಮೇಲೆ ಕೂತಿರಬೇಕು. ಬೆರಳುದ್ದದ ಮರಿ ಸಿಕ್ಕರೆ ಬಿಡಿಸಿ ನೀರಿಗೆ ಹಾಕುತ್ತಿದ್ದೆವು. ರಾತ್ರಿಯದು ಬೇರೆ. ಎರಡು ಗೂಟಗಳ ನಡುವೆ ಹಗ್ಗ ಕಟ್ಟಿ, ಇಪ್ಪತ್ತು ಗಾಳ ಇಳಿಬಿಟ್ಟು, ಒಂದೊಂದಕ್ಕೂ ಕಪ್ಪೆಮರಿ ಚುಚ್ಚಿ, ಮನೆಗೆ ಹೋಗಿ ಮಲಗಿಬಿಡುವುದು.

ಒಂದು ಬೆಳಗ್ಗೆ ಕೊರವ ಮೀನು ಸಿಕ್ಕಿದೆಯೆಂದು ಹಗ್ಗ ಎಳೆದರೆ ಬಂದದ್ದು ಆಮೆ. ಕತ್ತು ಪೂರಾ ಹೊರಗೆ ಚಾಚಿಕೊಂಡಿತ್ತು. ಆಮೆಗೆ ಅಷ್ಟುದ್ದ ಕತ್ತಿರುತ್ತದೆಂದು ನಾನು ಕಂಡದ್ದು ಅವತ್ತೇ. ಮುಂಗಾಲುಗಳು ಮೇಲಕ್ಕೆ ನೀಡಿಕೊಂಡು ಸೆಟೆದಿದ್ದವು. ನೀರಿನ ಪ್ರಾಣಿ ನೀರಲ್ಲಿ ಹೇಗೆ ಸತ್ತಿತು ಎಂಬುದೇ ನಮಗೆ ತಿಳಿಯಲಿಲ್ಲ. ದಾರ ಕೊಯ್ದು ಜೊಂಡಿನೊಳಗೆ ಎಸೆದೆವು. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಆಮೆ ಮೇಲೆ ಬಂದು ಉಸಿರಾಡಬೇಕು, ನಮ್ಮ ಹಗ್ಗ ಅದನ್ನು ಬರಗೊಟ್ಟಿರಲಿಲ್ಲ ಎಂಬುದು ಹೊಳೆದದ್ದು ಎಷ್ಟೋ ವರ್ಷಗಳ ಮೇಲೆ, ಕಡಲಿನ ಲಾಂಗ್‌ಲೈನ್ ಬಗ್ಗೆ ಓದುವಾಗ.

ಲಾಂಗ್‌ಲೈನ್ ಎಂದರೆ ನಮ್ಮ ಆ ರಾತ್ರಿ ಗಾಳವೇ. ಟ್ಯೂನಾ, ಕತ್ತಿಮೀನು ಹಿಡಿಯುವ ದೊಡ್ಡ ಹಡಗುಗಳು ಬಿಡುವ ಹಗ್ಗ 100 ಕಿ.ಮೀ. ವರೆಗೂ ಇರುತ್ತದೆ. ಅಂತರಸನಹಳ್ಳಿಯಲ್ಲಿ ಒಂದು ತುದಿ ಕಟ್ಟಿ ಹೆದ್ದಾರಿಗುಂಟ ಬಿಡುತ್ತ ಹೋದರೆ ಶಿರಾ ದಾಟಿ, ಹಿರಿಯೂರೂ ದಾಟುತ್ತದೆ. ಆ ಉದ್ದಕ್ಕೂ ಎರಡು ಮೂರು ಸಾವಿರ ಗಾಳಗಳು ತೂಗುತ್ತಿರುತ್ತವೆ. ಕಡಲಾಮೆ ಸಿಕ್ಕಿದರೆ ನಮ್ಮ ಕೆರೆಯ ಆಮೆಯ ಗತಿಯೇ. ಶಾರ್ಕ್ ಸಿಕ್ಕಿದರೆ ಅದರ ಕುಲವೇ ಸೊರಗುತ್ತದೆ, ಏಕೆಂದರೆ ಅನೇಕ ಶಾರ್ಕ್‌ಗಳು ಪ್ರಾಯಕ್ಕೆ ಬರಲು ಹಲವು ವರ್ಷ ಹಿಡಿಯುತ್ತದೆ, ಹಾಕುವ ಮರಿಗಳೂ ಕಡಿಮೆ.

ನನ್ನನ್ನು ಹೆಚ್ಚು ಕಾಡಿದ್ದು ಆಲ್ಬಟ್ರಾಸ್ ಹಕ್ಕಿ. ಹಗ್ಗ ಹಡಗಿನ ಹಿಂಬದಿಯಿಂದ ಜಾರುವಾಗ ಗಾಳದ ತುತ್ತು ಮುಳುಗುವ ಮುಂಚೆ ಸ್ವಲ್ಪ ಹೊತ್ತು ಮೇಲೇ ತೇಲುತ್ತದೆ. ಹಕ್ಕಿ ಎರಗಿ ನುಂಗುತ್ತದೆ. ಹಗ್ಗದ ಭಾರ ಅದನ್ನು ಆಳಕ್ಕೆ ಎಳೆದೊಯ್ಯುತ್ತದೆ. ಹೀಗೆ ವರ್ಷಕ್ಕೆ ಕಡಿಮೆಯೆಂದರೂ 1,60,000 ಕಡಲಹಕ್ಕಿಗಳು ಸಾಯುತ್ತವೆಂದು 2011ರ ಅಧ್ಯಯನವೊಂದು ಅಂದಾಜು ಮಾಡಿತ್ತು. ರೆಕ್ಕೆ ಬಿಚ್ಚಿದರೆ ಮೂರು ಮೀಟರಿಗೂ ಮಿಗಿಲಾಗುವ ಅಲೆಮಾರಿ ಆಲ್ಬಟ್ರಾಸ್ ಎರಡು ವರ್ಷಕ್ಕೊಮ್ಮೆ ಒಂದೇ ಮೊಟ್ಟೆ ಇಡುತ್ತದೆ. ತಂದೆ ತಾಯಿ ಇಬ್ಬರೂ ದುಡಿದರೇ ಮರಿಗೆ ಊಟ. ಒಬ್ಬರು ಹಿಂತಿರುಗದಿದ್ದರೆ ಮರಿ ಗೂಡಿನಲ್ಲೇ ಹಸಿದು ಸಾಯುತ್ತದೆ. ಶಿರಾ ತಾಲೂಕಿನ ಕಗ್ಗಲಡುವಿನಲ್ಲಿ, ಹುಣಸೆಮರದ ಗೂಡುಗಳಿಗೆ ಬಣ್ಣದ ಕೊಕ್ಕರೆಗಳು ಸರದಿಯ ಮೇಲೆ ಮೀನು ಹೊತ್ತು ತರುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ತಪ್ಪು ಎಲ್ಲಿದೆ? ಗಾಳದಲ್ಲೇ ಇದೆ ಎನ್ನಲು ನನಗೆ ಬಾಯಿ ಬರುವುದಿಲ್ಲ. ಕಡಲ ತಳವನ್ನೇ ಗುಡಿಸುವ ಟ್ರಾಲ್ ಬಲೆಗೆ ಹೋಲಿಸಿದರೆ ಗಾಳ ಸೌಮ್ಯವಾದದ್ದು. ನಮ್ಮ 320 ಕಿ.ಮೀ. ಕರಾವಳಿಯಲ್ಲಿ ಸಣ್ಣ ದೋಣಿಯಲ್ಲಿ ಕೂತು ಕೈಗಾಳ ಬಿಡುವವರಿದ್ದಾರೆ. ಕನ್ಯಾಕುಮಾರಿ ಜಿಲ್ಲೆಯ ತೂತ್ತೂರಿನವರು ಗಾಳವನ್ನೇ ನಂಬಿ ಅರಬ್ಬಿ ಸಮುದ್ರದಲ್ಲಿ ಬಹುದೂರ ಹೋಗುತ್ತಾರೆ. ಅವರ ದುಡಿಮೆಯ ಕಷ್ಟ ಕಾಣದ ನಾನು ಅವರ ಮೇಲೆ ಬೆರಳು ತೋರಿಸುವುದು ಅನ್ಯಾಯ. ಕೆರೆಯಲ್ಲಿ ಹಗಲಿನ ಗಾಳವೂ ರಾತ್ರಿಯ ಗಾಳವೂ ಒಂದೇ ಅಂಗಡಿಯವು. ಹಗಲು ನಾವು ಅದರ ಪಕ್ಕ ಇದ್ದೆವು, ರಾತ್ರಿ ಇರಲಿಲ್ಲ. ಒಬ್ಬ ಮನುಷ್ಯನ ಗಮನ ಎಷ್ಟು ಗಾಳಗಳನ್ನು ಕಾಯಬಲ್ಲದು? ನಮಗೆ ಇಪ್ಪತ್ತೇ ಹೆಚ್ಚಾಗಿತ್ತು. ಮೂರು ಸಾವಿರ ಗಾಳ ಬಿಟ್ಟ ಹಡಗಿನಲ್ಲಿ ಎಷ್ಟೇ ಜನರಿರಲಿ, ಗಾಳದ ಹತ್ತಿರ ಯಾರೂ ಇಲ್ಲ. ಬಿಡಬೇಕೋ ಹಿಡಿಯಬೇಕೋ ಎಂಬ ತೀರ್ಮಾನ ಮನುಷ್ಯನ ಕೈತಪ್ಪಿ ಆ ಸಣ್ಣ ಮುಳ್ಳಿನ ಪಾಲಾಗಿದೆ. ನನಗೆ ಭಯವಾಗುವುದು ಇದಕ್ಕೆ.

ಈ ಹಾನಿ ತಡೆಯಲು ಕಂಡುಕೊಂಡ ಉಪಾಯಗಳನ್ನು ನೋಡಿದರೆ, ಒಂದೊಂದೂ ಅಲ್ಲಿ ಇಲ್ಲದ ಮನುಷ್ಯನ ಬದಲಿಗೆ ನಿಂತ ಹಾಗಿದೆ. ಹಕ್ಕಿ ಬರುವ ಮೊದಲೇ ತುತ್ತು ಮುಳುಗಲೆಂದು ದಾರಕ್ಕೆ ಭಾರ ಕಟ್ಟುತ್ತಾರೆ. ಹಕ್ಕಿಗಳು ಕಡಿಮೆ ಓಡಾಡುವ ರಾತ್ರಿಯಲ್ಲಿ ಹಗ್ಗ ಬಿಡುತ್ತಾರೆ. ಆಮೆ ನುಂಗಲು ಕಷ್ಟವಾಗಲೆಂದು ಮೊನೆ ಒಳಬಾಗಿದ ದುಂಡನೆಯ ಗಾಳ ಬಳಸುತ್ತಾರೆ. ಹಡಗಿನ ಹಿಂದೆ ಬಣ್ಣದ ಪಟ್ಟಿಗಳ ಹಗ್ಗ ಹಾರಿಸುತ್ತಾರೆ. ರಾಗಿ ಹೊಲದ ಬೆದರುಬೊಂಬೆಯ ಕೆಲಸವೇ ಅದರದು. ಆಫ್ರಿಕಾದ ನಮೀಬಿಯಾ 2015ರಲ್ಲಿ ಈ ಪಟ್ಟಿಹಗ್ಗವನ್ನು ಕಡ್ಡಾಯ ಮಾಡಿತು. ತಳದ ಮೀನಿಗೆ ಲಾಂಗ್‌ಲೈನ್ ಬಿಡುವ ಅಲ್ಲಿನ ಹಡಗುಗಳಲ್ಲಿ ಹಕ್ಕಿಗಳ ಸಾವು ನೂರಕ್ಕೆ 98ರಷ್ಟು ಇಳಿಯಿತು. ಆ ಹಗ್ಗಗಳನ್ನು ಕಟ್ಟಿಕೊಟ್ಟವರು ವಾಲ್ವಿಸ್ ಬೇ ಬಂದರಿನ ಒಂದು ಮಹಿಳಾ ಗುಂಪಿನವರು. ಹಡಗು ಹತ್ತದ ಆ ಹೆಣ್ಣುಮಕ್ಕಳ ಕೈಗಳು ನಡುಗಡಲಲ್ಲಿ ಹಕ್ಕಿ ಕಾಯುತ್ತಿವೆ ಎನ್ನುವುದು ನನಗೆ ದೊಡ್ಡ ಸಮಾಧಾನ.

ಆ ಉದ್ದ ಹಗ್ಗದ ಕೊನೆಯ ತುದಿ ತಿನ್ನುವವರ ಕೈಯಲ್ಲಿದೆ. ಸಮುದ್ರವಿಲ್ಲದ ನಮ್ಮ ತುಮಕೂರಿಗೂ ಅದು ಬಂದು ಮುಟ್ಟುತ್ತದೆ. ಅಂಜಲ್ ಬಾಯಿಂದ ಕಿತ್ತ ಆ ಗಾಳವನ್ನು ಈಗ ಬೆಂಡಿಗೆ ಚುಚ್ಚಿ ಮೇಜಿನ ಮೇಲೆ ಇಟ್ಟುಕೊಂಡಿದ್ದೇನೆ. ಗಾಡಿಯವರನ್ನು ಪ್ರತಿ ಸಲ ಕೇಳುತ್ತೇನೆ: ಇದು ಯಾವ ಬಂದರಿನದು, ಹಿಡಿದದ್ದು ಹೇಗೆ? ಮೊದಮೊದಲು ನಕ್ಕರು, ಈಗ ಲಾರಿಯವರನ್ನು ಕೇಳಿಟ್ಟುಕೊಂಡು ಹೇಳುತ್ತಾರೆ. ನೀವೂ ಒಮ್ಮೆ ಕೇಳಿ.