ಕಬ್ಬಿಣದ ಕರಡು

ಬರೆದು ಮುಗಿಸಿದ ಗ್ರಂಥಕ್ಕೆ ರಟ್ಟು ಕಟ್ಟಿಸಿ ಕಪಾಟಿನಲ್ಲಿಡುತ್ತೇವೆ. ಅದಕ್ಕಾಗಿ ಬರೆದು, ಹೊಡೆದು, ತಿದ್ದಿದ ಕರಡನ್ನು ಒಲೆಗೋ ರದ್ದಿಗೋ ಹಾಕುತ್ತೇವೆ. ಲೋಕದ ರೂಢಿ ಇದು. ಆದರೆ ನನ್ನಂತೆ ಕನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವವರಿಗೆ ಕರಡಿನ ಮೇಲೆ ಒಂದು ಬಗೆಯ ಮೋಹವುಂಟು. ಕವಿ ಮೊದಲು ಯಾವ ಮಾತನ್ನು ಬರೆದ, ಅದನ್ನು ಯಾಕೆ ಹೊಡೆದುಹಾಕಿದ ಎಂಬುದು ತಿಳಿದರೆ, ಅಚ್ಚಾದ ಪುಟ ಮುಚ್ಚಿಟ್ಟ ಒಂದು ಸಂಗತಿ ಹೊರಬೀಳುತ್ತದೆ. ಅದು ಆತ ಪಟ್ಟ ಪಾಡು.

ಕಾಗದಕ್ಕೆ ಸಲ್ಲುವ ಈ ಮಾತು ಕಬ್ಬಿಣಕ್ಕೂ ಸಲ್ಲುತ್ತದೆಯೆ? ಯಂತ್ರ ಕಟ್ಟುವವರೂ ಕರಡು ಬರೆಯುತ್ತಾರೆ. ಸಾವಿರಗಟ್ಟಲೆ ತಯಾರಿಸುವುದಕ್ಕೆ ಮೊದಲು ಒಂದೋ ಎರಡೋ ಮಾದರಿಗಳನ್ನು ಕಟ್ಟಿ, ಓಡಿಸಿ, ಮುರಿದು ನೋಡುತ್ತಾರೆ. ಕೆಲಸ ಮುಗಿದ ಮೇಲೆ ಆ ಮಾದರಿಗಳ ಗತಿಯೇನು? ಅವನ್ನು ಉಳಿಸಬೇಕೆ? ಉಳಿಸುವುದಾದರೆ ಯಾಕೆ, ಹೇಗೆ? ನೆಲದ ಮೇಲೂ ನೀರಿನ ಮೇಲೂ ಓಡಲೆಂದು ಸೈನ್ಯಗಳಿಗಾಗಿ ಕಟ್ಟಿದ ಲಾರಿಗಳ ಚರಿತ್ರೆಯನ್ನು ಓದುತ್ತಿದ್ದಾಗ ಈ ಪ್ರಶ್ನೆ ನನ್ನನ್ನು ಬಿಡದೆ ಹಿಡಿಯಿತು. ಮೇಲುನೋಟಕ್ಕೆ ಇದು ಯಂತ್ರಜ್ಞರ ವಿಷಯ. ಒಳಹೊಕ್ಕರೆ ಸೋಲು ಗೆಲುವುಗಳನ್ನು ನಾವು ಅಳೆಯುವ ರೀತಿಯ ವಿಷಯ.

ಇಂಥ ಲಾರಿಯಲ್ಲಿ ಹುಟ್ಟಿನಿಂದಲೇ ಒಂದು ಜಗಳವಿದೆ. ಲಾರಿ ಗಟ್ಟಿಯಾಗಿರಬೇಕು, ಎಂದರೆ ಭಾರವಾಗಿರಬೇಕು, ದೋಣಿ ಹಗುರವಾಗಿರಬೇಕು. ಲಾರಿಗೆ ಗಾಲಿಯೇ ಕಾಲು. ನೀರಿಗಿಳಿದೊಡನೆ ಅದೇ ಗಾಲಿ ಓಟಕ್ಕೆ ಅಡ್ಡಿ. ದೋಣಿಯ ಒಡಲಿನಲ್ಲಿ ರಂಧ್ರವಿರಬಾರದು. ಲಾರಿಗಾದರೋ ಗಾಲಿ ತಿರುಗಿಸುವ ಕಂಬಿಗಳು ಒಡಲನ್ನು ತೂರಿಕೊಂಡೇ ಹೊರಗೆ ಬರಬೇಕು. ರಸ್ತೆಗೆ ಬಿರುಸಾದ ಟೈರು ಬೇಕು, ಕಡಲತೀರದ ಮರಳಿಗೆ ಮೆತ್ತಗಿನ ಟೈರು ಬೇಕು. ಇಬ್ಬರು ಯಜಮಾನರ ಚಾಕರಿ ಮಾಡುವ ಆಳಿನಂತೆ ಈ ಯಂತ್ರ ಎರಡು ಕಡೆಯೂ ಬೈಸಿಕೊಳ್ಳುವುದೇ ಹೆಚ್ಚು. ಆದ್ದರಿಂದ ಇಲ್ಲಿ ಕರಡುಗಳೂ ಹೆಚ್ಚು.

ಎರಡನೆಯ ಮಹಾಯುದ್ಧದಲ್ಲಿ ಅಮೆರಿಕನ್ನರು ಮೊದಲು ಕಟ್ಟಿದ್ದು ಸಣ್ಣ ಬಂಡಿ. ಜೀಪಿಗೆ ದೋಣಿಯ ಒಡಲನ್ನು ತೊಡಿಸಿ ಫೋರ್ಡ್ ಕಂಪೆನಿ ತಯಾರಿಸಿದ ಇದಕ್ಕೆ ಜಿ.ಪಿ.ಎ. ಎಂದು ಹೆಸರು. ಅವಸರದ ಕೆಲಸ, ಎಣಿಸಿದ್ದಕ್ಕಿಂತ ಬಂಡಿ ಭಾರವಾಯಿತು, ನೀರಿನಲ್ಲಿ ಅದರ ಅಂಚು ತೀರ ತಗ್ಗಾಯಿತು. ಸರಿಯಾಗಿ ಪರೀಕ್ಷಿಸುವುದಕ್ಕೆ ಮೊದಲೇ ಕಾರ್ಖಾನೆ ನಡೆಯಿತು. 12,000ಕ್ಕೂ ಹೆಚ್ಚು ಬಂಡಿಗಳು ಹೊರಬಂದವು. ಕೆರೆಯಂಥ ನೀರಿನಲ್ಲಿ ತೇಲಿದ ಅವು ಅಲೆಯೆದ್ದ ಕಡಲಿನಲ್ಲಿ ನೀರು ತುಂಬಿಕೊಂಡವು. 1943ರಲ್ಲಿ ತಯಾರಿಕೆ ನಿಂತಿತು. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಕರಡನ್ನೇ ಅಚ್ಚಿಗೆ ಕಳಿಸಿದಂತಾಯಿತು.

ಅದರ ಬೆನ್ನಿಗೇ ಬಂದದ್ದು ಡಿ.ಯು.ಕೆ.ಡಬ್ಲ್ಯು. ಎಂಬ ಎರಡೂವರೆ ಟನ್ನಿನ ಲಾರಿ. ಈ ಅಕ್ಷರಗಳು ಕಾರ್ಖಾನೆಯ ಸಂಕೇತ. ಸಿಪಾಯಿಗಳು ಅದನ್ನು 'ಡಕ್', ಎಂದರೆ ಬಾತುಕೋಳಿ ಎಂದು ಕರೆದರು. ಜನರಲ್ ಮೋಟಾರ್ಸ್‌ನವರ ಆರು ಗಾಲಿಯ ಲಾರಿಗೆ ಒಡಲು ತೊಡಿಸಿದವನು ರಾಡ್ ಸ್ಟೀಫನ್ಸ್. ಪಂದ್ಯದ ಹಾಯಿದೋಣಿಗಳನ್ನು ರಚಿಸುತ್ತಿದ್ದ, ಜಿ.ಪಿ.ಎ.ಗೂ ಒಡಲನ್ನು ರಚಿಸಿಕೊಟ್ಟಿದ್ದ ಸಂಸ್ಥೆಯವನೇ. ಜೊತೆಗೆ ಕಡಲುಗಳನ್ನು ಸುತ್ತಿ ಬಂದಿದ್ದ ಡೆನಿಸ್ ಪ್ಯೂಲ್‌ಸ್ಟನ್ ಎಂಬ ಆಂಗ್ಲ, ಫ್ರಾಂಕ್ ಸ್ಪೀರ್ ಎಂಬ ತರುಣ. ಚಾಲಕ ಕುಳಿತಲ್ಲಿಂದಲೇ ಟೈರಿನ ಗಾಳಿಯನ್ನು ಇಳಿಸಿ ಏರಿಸುವ ಉಪಾಯವನ್ನು ಸ್ಪೀರ್ ಕಂಡುಹಿಡಿದ; ಮರಳಿಗೂ ರಸ್ತೆಗೂ ಇದ್ದ ಜಗಳ ಹಾಗೆ ತೀರಿತು. ಆದರೂ ಸೇನೆಯ ಅಧಿಕಾರಿಗಳಿಗೆ ನಂಬಿಕೆ ಹುಟ್ಟಲಿಲ್ಲ. 1942ರ ಡಿಸೆಂಬರಿನಲ್ಲಿ ಮ್ಯಾಸಚೂಸೆಟ್ಸ್ ಸಂಸ್ಥಾನದ ಪ್ರಾವಿನ್ಸ್‌ಟೌನ್ ಬಳಿ ಕರಾವಳಿ ಕಾವಲಿನವರ ದೋಣಿಯೊಂದು ಬಿರುಗಾಳಿಗೆ ಸಿಕ್ಕಿ ಮರಳದಿಣ್ಣೆಗೆ ಬಡಿದು ನಿಂತಿತು. ಅದರಲ್ಲಿ ಏಳು ಮಂದಿ. ಬೇರೆ ದೋಣಿಗಳು ಹತ್ತಿರ ಸುಳಿಯದಂಥ ಅಲೆ. ಪ್ರದರ್ಶನಕ್ಕೆಂದು ಅಲ್ಲಿಗೆ ತಂದಿದ್ದ ಡಕ್ ನೀರಿಗಿಳಿದು ಏಳು ಮಂದಿಯನ್ನೂ ದಡಕ್ಕೆ ತಂದಿತು. ಆಮೇಲೆ ವಿರೋಧ ಕರಗಿತು. 1943ರಲ್ಲಿ ಸಿಸಿಲಿ, 1944ರಲ್ಲಿ ನಾರ್ಮಂಡಿ. ಯುದ್ಧ ಮುಗಿಯುವ ವೇಳೆಗೆ 21,000ಕ್ಕೂ ಹೆಚ್ಚು ಡಕ್‌ಗಳು ತಯಾರಾಗಿದ್ದವು.

ಇಲ್ಲಿ ಓದುಗರು ಒಂದು ಗಳಿಗೆ ನಿಂತು ಯೋಚಿಸಬೇಕು. ಆ ದಿನ ಬಿರುಗಾಳಿ ಏಳದಿದ್ದರೆ? ಎದ್ದರೂ, ಲಾರಿ ಇನ್ನೂರು ಮೈಲಿ ಆಚೆಗಿದ್ದಿದ್ದರೆ? ಯಂತ್ರದ ಗುಣ ಒಂದಿಷ್ಟೂ ಕಡಿಮೆಯಾಗುತ್ತಿರಲಿಲ್ಲ. ಆದರೆ ಅದರ ಗುಣ ಲೋಕಕ್ಕೆ ಅಷ್ಟು ಬೇಗ ತಿಳಿಯುತ್ತಿರಲಿಲ್ಲ. ಗೆಲುವಿನಲ್ಲಿ ಯೋಗ್ಯತೆಯ ಪಾಲು ಇರುವಂತೆ ಅದೃಷ್ಟದ ಪಾಲೂ ಇರುತ್ತದೆ. ಫಲವನ್ನು ಮಾತ್ರ ನೋಡಿ ಬೆಲೆ ಕಟ್ಟುವವನು ಎಷ್ಟೋ ವೇಳೆ ಅದೃಷ್ಟಕ್ಕೆ ಬೆಲೆ ಕಟ್ಟಿ, ಯೋಗ್ಯತೆಗೆ ಕಟ್ಟಿದೆನೆಂದು ತಿಳಿಯುತ್ತಾನೆ. ಕರ್ಮವನ್ನೂ ಫಲವನ್ನೂ ಬೇರೆಮಾಡಿ ನೋಡಬೇಕೆಂದು ನಮ್ಮ ಹಿರಿಯರು ಹೇಳಿದ್ದು ಸಂನ್ಯಾಸಿಗಳಿಗೆ ಮಾತ್ರವಲ್ಲ. ಚರಿತ್ರೆ ಬರೆಯುವವರಿಗೂ ಆ ಮಾತು ಬೇಕು.

ಡಕ್ಕಿಗೆ ಉತ್ತರಾಧಿಕಾರಿಯೆಂದು 1950ರ ದಶಕದಲ್ಲಿ 'ಸೂಪರ್ ಡಕ್' ಎಂಬ ಲಾರಿಯನ್ನೂ, 'ಡ್ರೇಕ್', ಎಂದರೆ ಗಂಡುಬಾತು ಎಂಬ ಇನ್ನೂ ದೊಡ್ಡ ಎಂಟು ಗಾಲಿಯ ಲಾರಿಯನ್ನೂ ಕಟ್ಟಿ ಪರೀಕ್ಷಿಸಿದರು. ಎರಡೂ ಮಾದರಿಯಲ್ಲೇ ನಿಂತವು; ಸೈನ್ಯ ಬೇರೆ ಬಗೆಯ ಬಂಡಿಗಳನ್ನು ಆರಿಸಿಕೊಂಡಿತು. ಇತ್ತ ಯುದ್ಧಕಾಲದ ಜರ್ಮನಿಯಲ್ಲಿ ಫೋಕ್ಸ್‌ವಾಗನ್‌ನ ತೇಲುವ ಕಾರಿಗೂ 'ಟೈಪ್ 128' ಎಂಬ ಕರಡೊಂದಿತ್ತು. ಮಾಮೂಲು ಕಾರಿನ ಉದ್ದಕ್ಕೇ ಕಟ್ಟಿದ ಅದರ ಒಡಲು ಹಳ್ಳದಿಣ್ಣೆಗಳಲ್ಲಿ ತಿರುಚಿಕೊಳ್ಳುವಷ್ಟು ದುರ್ಬಲವಾಗಿತ್ತು. ಅದನ್ನು ನೋಡಿ ಗಾಲಿಗಳ ನಡುವಣ ಅಂತರವನ್ನು ಕುಗ್ಗಿಸಿ 'ಟೈಪ್ 166' ಮಾಡಿದರು. ಅದು 14,000ಕ್ಕೂ ಮೀರಿ ತಯಾರಾಯಿತು. ಮಗ ನೆಟ್ಟಗೆ ನಿಂತದ್ದು ತಂದೆಯ ಬೆನ್ನು ಮುರಿದದ್ದರಿಂದ.

ಇಂಥ ಮಾದರಿಗಳು ಯಾಕೆ ಅಪರೂಪವೆಂದು ಬೇರೆ ಹೇಳಬೇಕಾಗಿಲ್ಲ. ಅವು ಹುಟ್ಟುವುದೇ ಬೆರಳೆಣಿಕೆಯಲ್ಲಿ, ಪರೀಕ್ಷೆಯೆಂದರೆ ಮುರಿಯುವವರೆಗೆ ದುಡಿಸುವುದು, ಮುರಿದದ್ದಕ್ಕೆ ಬದಲು ಭಾಗ ಸಿಗದು, ಕೊನೆಗೆ ಗುಜರಿ. ಉಳಿದ ಒಂದೊಂದನ್ನು ಕಾಪಾಡುತ್ತಿರುವವರು ಹೆಚ್ಚಾಗಿ ವಸ್ತುಸಂಗ್ರಹಾಲಯದವರು ಮತ್ತು ಹುಚ್ಚು ಹತ್ತಿದ ಹವ್ಯಾಸಿಗಳು. ಈ ಹುಚ್ಚಿನಲ್ಲಿ ಅರ್ಥವಿದೆಯೆಂದು ನಾನು ನಂಬುತ್ತೇನೆ. ಗೆದ್ದ ಯಂತ್ರ ನಮಗೆ ಉತ್ತರವನ್ನು ಮಾತ್ರ ಹೇಳುತ್ತದೆ. ಪ್ರಶ್ನೆ ಏನಿತ್ತು, ಎಷ್ಟು ಕಠಿಣವಾಗಿತ್ತು ಎಂಬುದನ್ನು ಸೋತ ಯಂತ್ರವೇ ಹೇಳಬೇಕು. ಉತ್ತರಗಳನ್ನು ಮಾತ್ರ ಉಳಿಸಿಕೊಂಡ ಪೀಳಿಗೆ, ಉತ್ತರ ಸುಲಭವಾಗಿ ಸಿಕ್ಕಿತೆಂದು ಭಾವಿಸಿ ಸೊಕ್ಕುತ್ತದೆ.

ಇದಕ್ಕೆ ಬಲವಾದ ಆಕ್ಷೇಪವೊಂದುಂಟು. ಇವು ಯುದ್ಧದ ಬಂಡಿಗಳು. ಇವನ್ನು ತೊಳೆದು, ಬಣ್ಣ ಬಳಿದು, ಮೆರವಣಿಗೆ ಮಾಡುವುದು ಕೊಲೆಗೆ ಆರತಿ ಎತ್ತಿದಂತಲ್ಲವೆ? ಡಕ್ ಕೋವಿಯಲ್ಲ, ಹೊರೆ ಹೊರುವ ಬಂಡಿ. ದಡದಿಂದ ಹಡಗಿಗೆ ಗಾಯಾಳುಗಳನ್ನೂ ಹೊತ್ತಿತು ಎಂದು ಸಮಾಧಾನ ಹೇಳಬಹುದು. ಆದರೆ ಹೋಗುವಾಗ ಹೊತ್ತದ್ದು ಮದ್ದುಗುಂಡುಗಳನ್ನು. ಜರ್ಮನಿಯ ಕಾರಿನ ಕಥೆ ಇನ್ನೂ ಕಹಿ: ಯುದ್ಧಕಾಲದಲ್ಲಿ ಆ ಕಾರ್ಖಾನೆಯಲ್ಲಿ ಸೆರೆಯಾಳುಗಳನ್ನೂ, ಹೊರದೇಶಗಳಿಂದ ಎಳೆದು ತಂದವರನ್ನೂ ಬಲಾತ್ಕಾರದಿಂದ ದುಡಿಸಿದ್ದರು. ಇಂದು ಸಂಗ್ರಹಕಾರರು ಬಹು ಬೆಲೆ ತೆತ್ತು ಕೊಳ್ಳುವ ಆ ಮುದ್ದಾದ ಕಾರಿನ ತಗಡಿನ ಮೇಲೆ ಯಾರ ಬೆರಳಚ್ಚಿದೆಯೋ! ಹಾಗೆಂದು ಅದನ್ನು ಕರಗಿಸಿದರೆ ಆ ಬೆರಳಚ್ಚೂ ಕರಗುತ್ತದೆ. ಸಾಕ್ಷಿಯನ್ನು ನಾಶಮಾಡಿದರೆ ಅನುಕೂಲವಾಗುವುದು ಅಪರಾಧಿಗೇ. ಉಳಿಸಬೇಕು; ಪಕ್ಕದ ಫಲಕದಲ್ಲಿ ಎಂಜಿನ್ನಿನ ಅಶ್ವಶಕ್ತಿಯ ಜೊತೆಗೆ ಆ ಜನರ ಸಂಗತಿಯನ್ನೂ ಬರೆಯಬೇಕು. ಅದನ್ನು ಬಿಟ್ಟ ಫಲಕ ಅರ್ಧ ಸುಳ್ಳು.

ಹೇಗೆ ಉಳಿಸಬೇಕೆಂಬುದು ಮುಂದಿನ ಪ್ರಶ್ನೆ. ನಮ್ಮಲ್ಲಿ ಜೀರ್ಣೋದ್ಧಾರವೆಂದು ಗುಡಿಗೆ ಸುಣ್ಣ ಬಳಿದು, ಅದರೊಡನೆ ಗೋಡೆಯ ಶಾಸನವನ್ನೂ ಮುಚ್ಚಿಬಿಡುವುದುಂಟು. ಭಕ್ತಿಯಲ್ಲಿ ಕೊರತೆಯಿಲ್ಲ, ಆದರೆ ಸತ್ಯಕ್ಕೆ ಮುಸುಕು ಬಿತ್ತು. ತುಕ್ಕು ಹಿಡಿದ ಮಾದರಿ ಲಾರಿಗೆ ಹೊಸ ತಗಡು, ಹೊಸ ಎಂಜಿನು, ಹೊಸ ಗಾಲಿ ಹಾಕುತ್ತ ಹೋದರೆ ಕೊನೆಗೆ ಉಳಿಯುವುದು ಕಾವನ್ನೂ ಅಲಗನ್ನೂ ಬದಲಾಯಿಸಿದ ಅಜ್ಜನ ಕೊಡಲಿ. ಗ್ರಂಥಸಂಪಾದಕರು ಇದಕ್ಕೆ ಒಂದು ದಾರಿ ಕಂಡುಕೊಂಡಿದ್ದಾರೆ. ತಮಗೆ ಸರಿ ತೋರಿದ ಪಾಠವನ್ನು ಮೇಲೆ ಅಚ್ಚು ಮಾಡಿ, ಓಲೆಗಳಲ್ಲಿ ಕಂಡ ಪಾಠಾಂತರಗಳನ್ನು ಪುಟದ ಅಡಿಯಲ್ಲಿ ಕೊಡುತ್ತಾರೆ. ಯಂತ್ರದಲ್ಲಿಯೂ ಯಾವುದು ಹಳತು, ಯಾವುದು ನಾವು ತುಂಬಿದ್ದು ಎಂದು ನೋಡುವವನಿಗೆ ತಿಳಿಯುವಂತಿದ್ದರೆ ರಿಪೇರಿ ಮೋಸವಾಗದು.

ಹಾಗೆ ತನ್ನ ಗಾಯಗಳೊಡನೆ ಉಳಿದ ಬಂಡಿಯೊಂದು ಆಸ್ಟ್ರೇಲಿಯದ ಪರ್ತ್ ನಗರದ ಗಿಲ್ಡ್‌ಫರ್ಡ್ ಗ್ರಾಮರ್ ಶಾಲೆಯಲ್ಲಿದೆ. ಅದು ಸೋತ ಜಿ.ಪಿ.ಎ.ಗಳಲ್ಲಿ ಒಂದು. ಅದರ ಒಡೆಯ ಬೆನ್ ಕಾರ್ಲಿನ್ ಯುದ್ಧಕಾಲದಲ್ಲಿ ಭಾರತೀಯ ಸೈನ್ಯದಲ್ಲಿ ಎಂಜಿನಿಯರಾಗಿದ್ದವನು. ಇಂಥದೊಂದು ಬಂಡಿಯನ್ನು ಭಾರತದಲ್ಲೇ ಕಂಡು, ಇದರಲ್ಲಿ ಭೂಮಿಯನ್ನು ಸುತ್ತಬಹುದೆಂದು ಅವನಿಗೆ ಹೊಳೆಯಿತು. 1950ರಲ್ಲಿ ಹೆಂಡತಿಯೊಡನೆ ಅಟ್ಲಾಂಟಿಕ್ ಸಾಗರಕ್ಕಿಳಿದ. ಮುಂದೆ ನೆಲದ ದಾರಿಯಾಗಿ ಭಾರತಕ್ಕೂ ಬಂದು, 1958ರಲ್ಲಿ ಕೆನಡದ ಮಾಂಟ್ರಿಯಲ್ ಸೇರಿ ಸುತ್ತು ಮುಗಿಸಿದ. ಬಂಡಿಗೆ ಅವನಿಟ್ಟ ಹೆಸರು 'ಹಾಫ್-ಸೇಫ್', ಅರೆಕ್ಷೇಮ. ಅದರ ದೌರ್ಬಲ್ಯವನ್ನು ಹೆಸರಿನಲ್ಲೇ ಒಪ್ಪಿಕೊಂಡು, ತಲೆಯ ಮೇಲೊಂದು ಕೋಣೆಯನ್ನೂ ಮೂತಿಗೆ ಇಂಧನದ ತೊಟ್ಟಿಯನ್ನೂ ಕಟ್ಟಿ ಅದನ್ನು ತಿದ್ದಿಕೊಂಡ. ಸೈನ್ಯ ಬೇಡವೆಂದ ಕರಡನ್ನು ಒಬ್ಬ ಮನುಷ್ಯ ಪ್ರಾಣ ಒತ್ತೆಯಿಟ್ಟು ಪೂರ್ತಿಮಾಡಿದಂತಾಯಿತು.

ಅವನು ಒತ್ತೆಯಿಟ್ಟದ್ದು ತಿಳಿದೂ ತಿಳಿದು. ಹಾಗಲ್ಲದೆ ಬೇರೆಯವರ ಪ್ರಾಣವನ್ನು ಒತ್ತೆಯಿಟ್ಟ ಕಥೆಯೂ ಇದೆ. ಅದರ ನಾಯಕ ಸೋತ ಬಂಡಿಯಲ್ಲ, ಗೆದ್ದ ಡಕ್. ಯುದ್ಧ ಮುಗಿದ ಮೇಲೆ ಅಗ್ಗಕ್ಕೆ ಸಿಕ್ಕ ಡಕ್‌ಗಳನ್ನು ಅಮೆರಿಕದಲ್ಲಿ ವಿಹಾರದ ಬಂಡಿಗಳಾಗಿ ಮಾಡಿಕೊಂಡರು. ಮೇಲೆ ಬಿಸಿಲಿಗೆ ಚಪ್ಪರ ಹಾಕಿದರು. 1999ರ ಮೇ 1ರಂದು ಅರ್ಕಾನ್ಸಾಸ್‌ನ ಹ್ಯಾಮಿಲ್ಟನ್ ಸರೋವರದಲ್ಲಿ ಅಂಥ ಒಂದು ಡಕ್ ನೀರಿಗಿಳಿದ ಕೆಲವೇ ನಿಮಿಷಗಳಲ್ಲಿ ಮುಳುಗಿತು. 13 ಮಂದಿ ಸತ್ತರು. ಕಂಬಿ ಹೊರಬರುವ ಕಡೆ ಮುಚ್ಚಿದ್ದ ರಬ್ಬರು ಜಾರಿ ನೀರು ನುಗ್ಗಿತ್ತು. ತಪ್ಪಿಸಿಕೊಳ್ಳಹೋದವರನ್ನು ಚಪ್ಪರ ಹಿಡಿದಿಟ್ಟಿತ್ತು. ನೀರು ತುಂಬಿದರೂ ತೇಲುವಂತೆ ಬಂಡಿಯನ್ನು ಮಾರ್ಪಡಿಸಿ, ಅಲ್ಲಿಯವರೆಗೆ ಚಪ್ಪರ ತೆಗೆಯಿರಿ ಎಂದು ತನಿಖಾ ಮಂಡಳಿ ಹೇಳಿತು. ಬಹುಮಂದಿ ಕೇಳಲಿಲ್ಲ. 2018ರ ಜುಲೈ 19ರಂದು ಮಿಸೌರಿಯ ಟೇಬಲ್ ರಾಕ್ ಸರೋವರದಲ್ಲಿ 1944ರ ಡಕ್ ಒಂದು ಬಿರುಗಾಳಿಗೆ ಸಿಕ್ಕಿತು. ಒಳಗಿದ್ದವರು 31 ಮಂದಿ, ಸತ್ತವರು 17. ಚಪ್ಪರ ಇದ್ದೇ ಇತ್ತು. 2022ರಲ್ಲಿ ಅಮೆರಿಕದ ಕಾಂಗ್ರೆಸ್ಸು ಕಾನೂನು ಮಾಡಿತು. ನಡುವೆ ಕಳೆದದ್ದು 23 ವರ್ಷ.

ಒಂದು ಬಿರುಗಾಳಿಯಲ್ಲಿ ಏಳು ಮಂದಿಯನ್ನು ಉಳಿಸಿ ಹೆಸರು ಪಡೆದ ಬಂಡಿಯ ಕುಲವೇ ಇನ್ನೊಂದು ಬಿರುಗಾಳಿಯಲ್ಲಿ 17 ಮಂದಿಯನ್ನು ಮುಳುಗಿಸಿತು. ಇದರಲ್ಲಿ ಯಂತ್ರದ ತಪ್ಪೇನೂ ಇಲ್ಲ. ಯುದ್ಧದ ತುರ್ತಿಗೆ, ಪಂಪುಗಳ ಬಲವನ್ನು ನಂಬಿ, ತರಬೇತಿ ಪಡೆದ ಸಿಪಾಯಿಗಳಿಗಾಗಿ ಕಟ್ಟಿದ್ದು ಅದು. ಎಪ್ಪತ್ತು ವರ್ಷ ಮಕ್ಕಳುಮರಿಗಳನ್ನು ಹೊರುವೆನೆಂದು ಅದು ಮಾತು ಕೊಟ್ಟಿರಲಿಲ್ಲ. ಗೆದ್ದದ್ದು ಎಂದೆಂದಿಗೂ ಗೆದ್ದದ್ದೇ ಎಂದು ನಾವು ಭ್ರಮಿಸಿದೆವು. ಸೋತ ಮಾದರಿಯ ಬಳಿ ಎಚ್ಚರದಿಂದ ನಿಲ್ಲುತ್ತೇವೆ. ಗೆದ್ದದ್ದರ ಬಳಿ ಎಚ್ಚರ ತಪ್ಪುತ್ತೇವೆ.

ಡಕ್ಕನ್ನು ಕಟ್ಟಿದವರಲ್ಲಿ ಒಬ್ಬನಿಗೆ ಈ ವಿವೇಕ ಬೇರೆ ದಾರಿಯಿಂದ ಬಂತು. ಡೆನಿಸ್ ಪ್ಯೂಲ್‌ಸ್ಟನ್ ಯುದ್ಧಾನಂತರ ನ್ಯೂಯಾರ್ಕಿನ ಲಾಂಗ್ ಐಲೆಂಡಿನಲ್ಲಿ ಹಕ್ಕಿಗಳನ್ನು ನೋಡುತ್ತ ಕುಳಿತ. ಮೀನು ಹಿಡಿಯುವ ಆಸ್‌ಪ್ರೇ ಗಿಡುಗಗಳ ಗೂಡುಗಳು ವರ್ಷವರ್ಷಕ್ಕೂ ಬರಿದಾಗುತ್ತಿದ್ದುದನ್ನು ಲೆಕ್ಕವಿಟ್ಟ. ಕಾರಣ ಡಿ.ಡಿ.ಟಿ. ಅದೂ ಅದೇ ಯುದ್ಧದ ವೀರ. ಹೇನು ಸೊಳ್ಳೆಗಳನ್ನು ಕೊಂದು ಎಷ್ಟೋ ಸಿಪಾಯಿಗಳನ್ನು ರೋಗದಿಂದ ಉಳಿಸಿತ್ತು. 1967ರಲ್ಲಿ ಅವನೂ ಗೆಳೆಯರೂ ಪರಿಸರ ರಕ್ಷಣೆಯ ಸಂಸ್ಥೆಯೊಂದನ್ನು ಕಟ್ಟಿ ನ್ಯಾಯಾಲಯಗಳಲ್ಲಿ ಹೋರಾಡಿದರು. ಅವನೇ ಮೊದಲ ಅಧ್ಯಕ್ಷ. 1972ರಲ್ಲಿ ಅಮೆರಿಕ ಡಿ.ಡಿ.ಟಿ.ಯ ಬಳಕೆಯನ್ನು ನಿಷೇಧಿಸಿತು. ತನ್ನ ಕಾಲ ಗೆಲುವೆಂದು ಮುದ್ರೆ ಒತ್ತಿದ್ದನ್ನು ಮತ್ತೆ ತೆಗೆದು ಓದಿ ತಿದ್ದುವ ಧೈರ್ಯ ಅವನಿಗಿತ್ತು.

ಆದ್ದರಿಂದ ನನಗೆ ತೋರುವುದು ಇಷ್ಟು. ಕಬ್ಬಿಣದ ಕರಡುಗಳನ್ನು ಉಳಿಸೋಣ. ಪೂಜೆಗಲ್ಲ, ಆಟಕ್ಕಲ್ಲ, ಸಾಕ್ಷಿಗೆ. ಅವುಗಳ ತುಕ್ಕನ್ನೂ ತಿರುಚಿದ ಒಡಲನ್ನೂ ಮುಚ್ಚದೆ ತೋರಿಸೋಣ. ಅವುಗಳ ಪಕ್ಕದಲ್ಲಿ ಗೆದ್ದ ಯಂತ್ರವನ್ನೂ ನಿಲ್ಲಿಸಿದಾಗ, ಅದರ ಫಲಕದ ಮೇಲೂ 'ಮುಗಿದ ಪ್ರತಿ' ಎಂದು ಬರೆಯದಿರೋಣ. ಮನುಷ್ಯ ಕೈಯಿಂದ ಮಾಡಿದ್ದರಲ್ಲಿ ತಿದ್ದುವ ಕೆಲಸ ಮುಗಿದದ್ದು ಯಾವುದೂ ಇಲ್ಲ. ಕೆಲವನ್ನು ನಾವು ತಿದ್ದುವುದನ್ನು ನಿಲ್ಲಿಸಿದ್ದೇವೆ, ಅಷ್ಟೆ.