ಬೆಲೆ ಮತ್ತು ಮೌಲ್ಯ: ದಾನವನ್ನು ಅಳೆಯುವ ಬಗೆ



ಬೆಲೆ ಬೇರೆ, ಮೌಲ್ಯ ಬೇರೆ. ಮರಾಠಿಯನ್ನಾಡುವ ನಮ್ಮ ಬಂಧುಗಳೂ ಕಿಂಮತ್, ಮೂಲ್ಯ ಎಂದು ಇವೆರಡನ್ನು ಬೇರೆಯಾಗಿಯೇ ಕರೆಯುತ್ತಾರೆ. ಬೆಲೆಯನ್ನು ಪೇಟೆ ಕಟ್ಟುತ್ತದೆ, ಮೌಲ್ಯವನ್ನು ಕಟ್ಟುವವರಾರು? ನೀರಿಲ್ಲದೆ ಜೀವವಿಲ್ಲ, ಆದರೂ ಅದು ಅಗ್ಗ. ವಜ್ರವಿಲ್ಲದೆ ಯಾರೂ ಸಾಯರು, ಆದರೂ ಅದು ತುಟ್ಟಿ. ಆಡಂ ಸ್ಮಿತ್ ತನ್ನ 1776ರ ಗ್ರಂಥದಲ್ಲಿ ಎತ್ತಿದ ಈ ಪ್ರಶ್ನೆಗೆ ಮುಂದಿನ ಅರ್ಥಶಾಸ್ತ್ರಜ್ಞರು ವಿರಳವಾದುದೇ ದುಬಾರಿಯೆಂದು ಉತ್ತರವಿತ್ತರು. ಬೆಲೆಯ ಕಾರಣ ತಿಳಿಯಿತು, ಹಿರಿಮೆಯ ಕಾರಣ ತಿಳಿಯಲಿಲ್ಲ. ಇಂದಿಗೂ ರಾಷ್ಟ್ರದ ಒಟ್ಟು ಉತ್ಪನ್ನದ ಲೆಕ್ಕದಲ್ಲಿ ಸಂಬಳಕ್ಕೆ ಮಾಡಿದ ಅಡುಗೆ ಸೇರುತ್ತದೆ. ತಾಯಿ ಮನೆಯಲ್ಲಿ ಮಾಡಿದ ಅಡುಗೆ ಸೇರುವುದಿಲ್ಲ.

ನಮ್ಮ ಆಚಾರ್ಯರು ಅಳತೆಯನ್ನು ಕಡೆಗಣಿಸಿದವರಲ್ಲ. 9ನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯರು ರಚಿಸಿದ ಗಣಿತಸಾರಸಂಗ್ರಹದಲ್ಲಿ ಬಡ್ಡಿಯ ಲೆಕ್ಕವಿದೆ, ಚಿನ್ನದ ಶುದ್ಧತೆಯ ಲೆಕ್ಕವೂ ಇದೆ. ತತ್ತ್ವಾರ್ಥಸೂತ್ರವು ಕಳ್ಳ ತೂಕ, ಕಳ್ಳ ಅಳತೆಗಳನ್ನು ಅಚೌರ್ಯವ್ರತದ ಅತಿಚಾರಗಳಲ್ಲಿ ಎಣಿಸುತ್ತದೆ. ಶ್ರಾವಕನಿಗೆ ತಕ್ಕಡಿಯ ಪ್ರಾಮಾಣಿಕತೆಯೂ ವ್ರತವೇ.

ಅದೇ ಗ್ರಂಥವು ದಾನದ ವಿಷಯಕ್ಕೆ ಬಂದಾಗ ವಿಧಿ, ದ್ರವ್ಯ, ದಾತೃ, ಪಾತ್ರ ಎಂಬ ನಾಲ್ಕರಿಂದ ಅದರ ವಿಶೇಷವನ್ನು ಅಳೆಯುತ್ತದೆ. ದ್ರವ್ಯದ ಹಿರಿಮೆಯೂ ಅದರ ಬೆಲೆಯಿಂದ ಬಂದುದಲ್ಲ. ಪಡೆದವರ ತಪಸ್ಸು, ಸ್ವಾಧ್ಯಾಯಗಳನ್ನು ಅದು ಬೆಳೆಸಬೇಕೆಂದು ಪೂಜ್ಯಪಾದರ ಸರ್ವಾರ್ಥಸಿದ್ಧಿ ವಿವರಿಸುತ್ತದೆ. ಹೀಗಿರಲು, ಉತ್ಸವದ ಕಲಶಗಳ ಸವಾಲಿನಲ್ಲಿ, ಹಿಂದಿ ಬಂಧುಗಳು ಬೋಲಿ ಎನ್ನುವುದರಲ್ಲಿ, ನಾವು ಅಳೆಯುವುದೇನನ್ನು? ರೂಪಾಯಿಯೊಂದನ್ನೇ.

ಸವಾಲು ತಪ್ಪೆಂದಲ್ಲ. ಬಸದಿಯ ಜೀರ್ಣೋದ್ಧಾರ, ಮುನಿಗಳ ವಿಹಾರದ ವ್ಯವಸ್ಥೆ, ಯಾತ್ರಿಕರ ಊಟ, ಇವು ಹಣವಿಲ್ಲದೆ ನಡೆಯವು. ಒಬ್ಬರು ಕೊಟ್ಟದ್ದನ್ನು ಕಂಡು ಇನ್ನೊಬ್ಬರಿಗೂ ಕೊಡುವ ಮನಸ್ಸಾಗುತ್ತದೆ. ಆದರೆ ಸವಾಲಿನ ಕ್ರಮವೇ ಮನುಷ್ಯರ ಕ್ರಮವಾದಾಗ, ಮುಂದಿನ ಸಾಲು ಕೆಲವರಿಗೆ, ಹಿಂದಿನ ಸಾಲು ಮಿಕ್ಕವರಿಗೆ ಎಂದಾದಾಗ, ಒಂದು ಅಳತೆಯ ಕೆಲಸವನ್ನು ಇನ್ನೊಂದಕ್ಕೆ ವಹಿಸಿದಂತಾಗುತ್ತದೆ. ಇದೂ ಒಂದು ಬಗೆಯ ಕಳ್ಳ ತೂಕವೇ.

ಶ್ರವಣಬೆಳಗೊಳದ ಐತಿಹ್ಯ ನಮಗೆಲ್ಲ ತಿಳಿದದ್ದೇ. ಚಾವುಂಡರಾಯನ ಕೊಡಗಟ್ಟಲೆ ಹಾಲು ಬಾಹುಬಲಿಯ ಪಾದವನ್ನು ಮುಟ್ಟಲಿಲ್ಲ. ಮುದುಕಿಯೊಬ್ಬಳು ಗುಳ್ಳಕಾಯಿಯಲ್ಲಿ ತಂದ ಹಾಲು ಮುಟ್ಟಿತು. ಆ ಅಜ್ಜಿಯ ವಿಗ್ರಹ ಇಂದಿಗೂ ಸ್ವಾಮಿಯ ಸನ್ನಿಧಿಯಲ್ಲಿದೆ. ಕತೆ ಚಾವುಂಡರಾಯನ ದಾನವನ್ನು ಹಳಿಯುವುದಿಲ್ಲ, ವಿಗ್ರಹವನ್ನು ಕಡೆಸಿದವನು ಅವನೇ. ಅವನ ಅಳತೆಗೋಲು ಸಾಲದಾಯಿತೆಂದಷ್ಟೇ ಅದು ಹೇಳುತ್ತದೆ.

ಆದುದರಿಂದ ಎರಡು ಪುಸ್ತಕಗಳಿರಲಿ. ಲೆಕ್ಕದ ಪುಸ್ತಕದಲ್ಲಿ ಪೈಸೆಯೂ ತಪ್ಪದಿರಲಿ. ಗೌರವದ ಪುಸ್ತಕದಲ್ಲಿ ಬಸದಿಯ ಪಾತ್ರೆ ತೊಳೆದವರೂ ಮಕ್ಕಳಿಗೆ ಪಾಠ ಹೇಳಿದವರೂ ಇರಲಿ. ಪ್ರತಿ ಉತ್ಸವದಲ್ಲಿ ಒಂದು ಕಲಶವನ್ನಾದರೂ ಸವಾಲಿಗೆ ಇಡದೆ ಅಂಥವರ ಕೈಗೆ ಕೊಡೋಣ. ಮಾಡಿದ್ದು, ಮಾಡಿಸಿದ್ದು, ಅನುಮೋದಿಸಿದ್ದು ಮೂರಕ್ಕೂ ಪುಣ್ಯವುಂಟೆನ್ನುವ ಧರ್ಮದಲ್ಲಿ ಬರಿಗೈಯವರು ಯಾರೂ ಇಲ್ಲ.

ಜೈನಂ ಜಯತು ಶಾಸನಂ.